ಅಲ್-ಖ್ವಾರಿಜ್ಮಿ ಮತ್ತು ನನ್ನ ವೆಬ್ ಪುಟ

ವಾರ್ಷಿಕೋತ್ಸವಕ್ಕೆಂದು ಎಚ್‌ಟಿಎಮ್‌ಎಲ್‌ನಲ್ಲಿ ಒಂದು ಪುಟ ಮಾಡಿ, ನಾನೂ ಪ್ರೋಗ್ರಾಮರ್ ಆದೆ ಎಂದು ಹೇಳಿಕೊಂಡು ತಿರುಗಿದ್ದೆ. ಈ ಪುಟಕ್ಕೆ ಎರಡು ಸಂಖ್ಯೆ ಕೂಡಿಸಲು ಬರುತ್ತದೆಯೇ ಎಂದು ಲ್ಯಾಬ್‌ನಲ್ಲಿ ಮೇಡಂ ಕೇಳಿದರು. ಬರುವುದಿಲ್ಲ. ಅಲ್ಗಾರಿದಮ್ ಎಂದರೇನೆಂದು ಮೊದಲು ತಿಳಿದುಕೊಂಡು ಬಾ ಎಂದರು. ಹುಡುಕಿದಾಗ ಸಿಕ್ಕವರು ಮುಹಮ್ಮದ್ ಇಬ್ನ್ ಮೂಸಾ ಅಲ್-ಖ್ವಾರಿಜ್ಮಿ.

ಅವರು ಹುಟ್ಟಿದ್ದು ಸುಮಾರು 780ರಲ್ಲಿ. ಅವರ ಹೆಸರು ಅರಲ್ ಸಮುದ್ರದ ದಕ್ಷಿಣಕ್ಕಿರುವ ಖ್ವಾರಿಜ್ಮ್ ಪ್ರದೇಶವನ್ನು ಸೂಚಿಸುತ್ತದೆ. ದುಡಿದದ್ದು ಬಾಗ್ದಾದಿನಲ್ಲಿ, ಖಲೀಫ ಅಲ್-ಮಾಮೂನರ ಕಾಲದ ಬೈತುಲ್ ಹಿಕ್ಮದಲ್ಲಿ. ಖಗೋಳದ ಕೋಷ್ಟಕಗಳನ್ನೂ ಭೂಗೋಳದ ಗ್ರಂಥವನ್ನೂ ರಚಿಸಿದರು. ಭಾರತದ ಅಂಕಿಗಳಿಂದ ಲೆಕ್ಕ ಮಾಡುವ ವಿಧಾನದ ಬಗ್ಗೆಯೂ ಬರೆದರು. ಆ ಪುಸ್ತಕ 12ನೇ ಶತಮಾನದಲ್ಲಿ ಲ್ಯಾಟಿನ್‌ಗೆ ಹೋದಾಗ ಅವರ ಹೆಸರು ಅಲ್ಗೋರಿತ್ಮಿ ಆಯಿತು. ಅಲ್ಗಾರಿದಮ್ ಪದ ಬಂದದ್ದು ಅಲ್ಲಿಂದ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಅಲ್-ಜಬ್ರ್ ಗ್ರಂಥ. ಅದರಲ್ಲಿ ಎಕ್ಸ್ ಇಲ್ಲ, ಪ್ಲಸ್ ಚಿಹ್ನೆಯೂ ಇಲ್ಲ, ಎಲ್ಲವೂ ಮಾತಿನಲ್ಲೇ. ಒಂದು ಸಂಖ್ಯೆಯ ವರ್ಗಕ್ಕೆ ಅದರ ಹತ್ತು ಪಟ್ಟು ಸೇರಿಸಿದರೆ 39. ಆ ಸಂಖ್ಯೆ ಯಾವುದು? 10ರ ಅರ್ಧ 5. ಅದರ ವರ್ಗ 25. ಅದನ್ನು 39ಕ್ಕೆ ಕೂಡಿಸಿದರೆ 64. ವರ್ಗಮೂಲ 8. ಅದರಲ್ಲಿ 5 ಕಳೆದರೆ ಉತ್ತರ 3. ಬೇರೆ ಸಂಖ್ಯೆಗಳನ್ನು ಇಟ್ಟರೂ ಇದೇ ಹೆಜ್ಜೆಗಳು ನಡೆಯುತ್ತವೆ. ಗ್ರಂಥದ ದೊಡ್ಡ ಭಾಗ ಆಸ್ತಿ ಹಂಚಿಕೆಯ ಲೆಕ್ಕ. ವಾರಸುದಾರರು ಯಾರು ಎಂಬುದರ ಮೇಲೆ ಪಾಲು ಬದಲಾಗುತ್ತದೆ. ಹೀಗಿದ್ದರೆ ಹೀಗೆ ಮಾಡು, ಹಾಗಿದ್ದರೆ ಹಾಗೆ ಮಾಡು. ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ನಾವು ಬರೆಯುವುದೂ ಇಂಥದ್ದನ್ನೇ.

ನನ್ನ ಪುಟದ ಟ್ಯಾಗ್‌ಗಳು ಮಾಡಿದ್ದೇನು? ಇದು ಶೀರ್ಷಿಕೆ, ಇದು ಪ್ಯಾರಾ, ಇಲ್ಲಿ ಚಿತ್ರ ಎಂದು ಗುರುತು ಹಾಕಿದವು. ಮಾರ್ಕಪ್ ಭಾಷೆಯ ಕೆಲಸ ಅಷ್ಟು. ಗುರುತು ನೋಡಿ ಪುಟವನ್ನು ಜೋಡಿಸಿ ತೋರಿಸುವುದು ಬ್ರೌಸರ್. ಅದು ಮಾತ್ರ ನಿಜವಾದ ಪ್ರೋಗ್ರಾಮ್. ಹಾಗೆಂದು ಗುರುತು ಹಾಕುವುದು ಕೀಳು ಕೆಲಸವೇನಲ್ಲ. ಶೀರ್ಷಿಕೆಗೆ ಸರಿಯಾದ ಟ್ಯಾಗ್ ಹಾಕದಿದ್ದರೆ, ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ತಂತ್ರಾಂಶ ದಾರಿ ತಪ್ಪುತ್ತದೆ. ನನ್ನ ಪುಟದಲ್ಲಿ ಆ ತಪ್ಪೂ ಇತ್ತು!

ಅಲ್-ಖ್ವಾರಿಜ್ಮಿ ತೀರಿಕೊಂಡದ್ದು ಸುಮಾರು 850ರಲ್ಲಿ. ಮೊನ್ನೆ ಅವರ ಆ ಲೆಕ್ಕವನ್ನು ಪೈಥಾನ್‌ನಲ್ಲಿ ಬರೆದೆ. ಮೊದಲ ಸಲ 13 ಬಂತು. ಕೊನೆಯಲ್ಲಿ 5 ಕಳೆಯುವ ಬದಲು ಕೂಡಿಸಿದ್ದೆ. ತಿದ್ದಿದ ಮೇಲೆ 3 ಬಂತು. ಮೇಡಂಗೆ ತೋರಿಸಿದೆ.