ರಾಜಾ ದೀನದಯಾಳರು

ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳು 1948ರವರೆಗೆ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದವು. ಆ ಸಂಸ್ಥಾನದ ವೈಭವವನ್ನೂ ಸಂಕಟವನ್ನೂ ಛಾಯಾಚಿತ್ರಗಳಲ್ಲಿ ಉಳಿಸಿಹೋದ ಮಹನೀಯರು ರಾಜಾ ದೀನದಯಾಳರು.

1844ರಲ್ಲಿ ಮೀರತ್ ಬಳಿಯ ಸರ್ಧಾನಾದ ಜೈನ ಮನೆತನದಲ್ಲಿ ಜನಿಸಿದ ಇವರು ರೂರ್ಕಿಯಲ್ಲಿ ಇಂಜಿನಿಯರಿಂಗ್ ಕಲಿತು, ಇಂದೂರಿನಲ್ಲಿ ಸರಕಾರಿ ನೌಕರರಾದರು. ಛಾಯಾಗ್ರಹಣವನ್ನು ಕೈಗೆತ್ತಿಕೊಂಡದ್ದು 1874ರಲ್ಲಿ, ಮೂವತ್ತರ ವಯಸ್ಸಿನಲ್ಲಿ. ಮುಂದೆ ನೌಕರಿಯನ್ನು ತೊರೆದು, ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರಾದರು. 1892ರಲ್ಲಿ ಹೈದರಾಬಾದಿನಲ್ಲಿ ಪರದೆಯ ಸ್ತ್ರೀಯರಿಗಾಗಿಯೇ ಸ್ಟುಡಿಯೋ ತೆರೆದು, ಅದನ್ನು ಒಬ್ಬ ಮಹಿಳೆಗೇ ವಹಿಸಿದರು.

ಅರಮನೆ, ಬೇಟೆ, ಔತಣಗಳ ಚಿತ್ರಗಳು ಅವರಿಗೆ ಕೀರ್ತಿ ತಂದವು. ಆದರೆ ನನ್ನ ಮನಸ್ಸನ್ನು ಕಲಕಿದ್ದು, 1899-1900ರ ಬರಗಾಲದಲ್ಲಿ ಔರಂಗಾಬಾದಿನ ಕಡೆ ತೆಗೆದ ಚಿತ್ರಗಳು. ಎಲುಬು ಎಣಿಸುವಂತಿದ್ದ ಆ ಜನರ ಹೆಸರು ಯಾರಿಗೂ ತಿಳಿಯದು. ಅವರ ಹಸಿವು ಮಾತ್ರ ಇಂದಿಗೂ ಕಣ್ಣಿಗೆ ಕಾಣುತ್ತದೆ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನಿಜಾಮರ ಪ್ರಜೆಯಾಗಿ ಬಾಳಿದ ಮುತ್ತಜ್ಜನ ಒಂದು ಚಿತ್ರವೂ ನಮ್ಮಲ್ಲಿಲ್ಲ. ನಿಜಾಮರ ಔತಣದ ಮೇಜು ಹೇಗಿತ್ತೆಂದು ಬಲ್ಲೆ, ಮುತ್ತಜ್ಜನ ಮುಖವನ್ನರಿಯೆ.

1905ರಲ್ಲಿ ದೀನದಯಾಳರು ತೀರಿಕೊಂಡರು. ಅವರ ಸ್ಟುಡಿಯೋದ 2,857 ಗಾಜಿನ ನೆಗೆಟಿವ್‌ಗಳನ್ನು ದಿಲ್ಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರವು ಕಾಪಾಡಿಕೊಂಡು ಬಂದಿದೆ.

ಸಹಪಾಠಿಗಳೇ, ಇಂದು ನಮ್ಮೆಲ್ಲರ ಕೈಯಲ್ಲಿಯೂ ಫೋನಿದೆ. ಕಿನ್ನಾಳದಲ್ಲಿ ಗೊಂಬೆಗೆ ಬಣ್ಣ ಬಳಿಯುವವರು, ಗಂಗಾವತಿಯ ಗದ್ದೆಯಲ್ಲಿ ನಾಟಿ ಹಚ್ಚುವವರು, ಕುಷ್ಟಗಿ ಯಲಬುರ್ಗಾಗಳ ಕಣದಲ್ಲಿ ಜೋಳ ತೂರುವವರು ನಮ್ಮ ಚಿತ್ರಗಳಲ್ಲಿ ಉಳಿಯಲಿ. ಪ್ರತಿ ಚಿತ್ರದೊಡನೆ ಅವರ ಹೆಸರನ್ನೂ ಬರೆದಿಡೋಣ.