ಮಹಾಯುದ್ಧದ ಕಾಲದಾಗ ದೇಶ ತುಂಬ ಮೊಳಗಿದ ಬೀಳಗಿ ದನಿ: ಅಮೀರಬಾಯಿ ಕರ್ನಾಟಕಿ

ಆಗಸ್ಟ್ 15 ಬಂತೆಂದರೆ ತಾಲೂಕು ಮೈದಾನದಾಗ, ಶಾಲೆ ಮುಂದ, ಬಸ್ ಸ್ಟ್ಯಾಂಡ್ ಹತ್ತಿರದ ಮೈಕಿನಾಗ ಹಳೇ ಹಿಂದಿ ದೇಶಭಕ್ತಿ ಹಾಡು ಹಚ್ಚತಾರ. ಅದರಾಗ ಒಂದು 1943ರ ‘ಕಿಸ್ಮತ್’ ಚಿತ್ರದ ‘ದೂರ್ ಹಟೋ’. ಈ ಹಾಡು ಬರೆದವರು ಕವಿ ಪ್ರದೀಪ್ ಎಂದು ಕೆಲವರಿಗೆ ಗೊತ್ತು. ಅಶೋಕ್ ಕುಮಾರ್ ಚಿತ್ರ ಎಂದು ಹಿರಿಯರಿಗೆ ಗೊತ್ತು. ಆದರೆ ಅದರಲ್ಲಿ ಕೇಳಿಬರುವ ಹೆಣ್ಣು ದನಿ ನಮ್ಮ ಬೀಳಗಿಯದು ಎಂಬುದು ಬೀಳಗಿ ಪೇಟೆಯಾಗೇ ಎಷ್ಟು ಜನಕ್ಕೆ ಗೊತ್ತೈತಿ? ಆ ದನಿ ಅಮೀರಬಾಯಿ ಕರ್ನಾಟಕಿ ಅವರದು.

ಹೆಸರಿನಿಂದಲೇ ಶುರು ಮಾಡೋಣ. ಅಮೀರಬಾಯಿ ಮುಂಬೈಗೆ ಹೋದಾಗ ಕರ್ನಾಟಕ ಎಂಬ ರಾಜ್ಯವೇ ಇರಲಿಲ್ಲ. ಬೀಳಗಿ ಆಗ ವಿಜಾಪುರ ಜಿಲ್ಲೆಯಲ್ಲಿತ್ತು, ವಿಜಾಪುರ ಮುಂಬೈ ಪ್ರಾಂತ್ಯದಲ್ಲಿತ್ತು. ಏಕೀಕರಣವಾದದ್ದು 1956ರಲ್ಲಿ, ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟದ್ದು 1973ರಲ್ಲಿ. ಅಷ್ಟೊತ್ತಿಗೆ ಅಮೀರಬಾಯಿ ತೀರಿಹೋಗಿ 8 ವರ್ಷವಾಗಿತ್ತು. ಸರಕಾರ ಹೆಸರಿಡುವುದಕ್ಕೂ ಎಷ್ಟೋ ವರ್ಷ ಮೊದಲೇ ಈ ಹೆಣ್ಣುಮಗಳು ತನ್ನ ಹೆಸರಿನ ಮುಂದೆ ಕರ್ನಾಟಕವನ್ನು ಇಟ್ಟುಕೊಂಡು ಲಾಹೋರ್, ಕಲ್ಕತ್ತಾ, ಮುಂಬೈವರೆಗೂ ಅದನ್ನು ಮುಟ್ಟಿಸಿದ್ದರು.

ಅವರು ಹುಟ್ಟಿದ್ದು ಇಪ್ಪತ್ತನೇ ಶತಮಾನದ ಆರಂಭದಲ್ಲಿ, ನಾಟಕ ಮತ್ತು ಸಂಗೀತವನ್ನೇ ನಂಬಿದ ಸಾಮಾನ್ಯ ಮುಸ್ಲಿಂ ಮನೆತನದಲ್ಲಿ. ಮನೆ ತುಂಬ ಅಕ್ಕ-ತಂಗೇರು. ಅವರಲ್ಲಿ ಇಬ್ಬರು ದೊಡ್ಡ ಹೆಸರು ಮಾಡಿದರು. ಅಕ್ಕ ಗೋಹರಬಾಯಿ, ತಂಗಿ ಅಮೀರಬಾಯಿ. ಗೋಹರಬಾಯಿ ಮರಾಠಿ ರಂಗಭೂಮಿಗೆ ಹೋಗಿ ಬಾಲಗಂಧರ್ವರ ಕಂಪನಿ ಸೇರಿದರು. ಬಾಲಗಂಧರ್ವರು ಹೆಣ್ಣು ಪಾತ್ರಕ್ಕೆ ಹೆಸರಾದವರು. ಅವರಿಗೆ ವಯಸ್ಸಾದ ಮೇಲೆ ಆ ಪಾತ್ರಗಳನ್ನು ಮಾಡಿದವರು ಇದೇ ಗೋಹರಬಾಯಿ. ಕೊನೆಗೆ ಬಾಲಗಂಧರ್ವರ ಬಾಳಸಂಗಾತಿಯೂ ಆದರು. ಆ ಕಾಲದಾಗ ಮಹಾರಾಷ್ಟ್ರದ ಮಂದಿ ಈ ಸಂಬಂಧದ ಬಗ್ಗೆ ಆಡಿದ ಮಾತು ಕಡಿಮೆಯೇನಲ್ಲ. ಅದೇ ಒಂದು ದೊಡ್ಡ ಕಥೆ, ಇಲ್ಲಿ ಬೇಡ.

ನಮ್ಮ ಭಾಗದಾಗ ಆಗ ಮನೆಯೊಳಗೆ ಒಂದು ಭಾಷೆ, ಪೇಟೆಯಾಗ ಒಂದು, ನಾಟಕದ ತಂಬುವಿನಾಗ ಇನ್ನೊಂದು. ಕನ್ನಡ, ದಖನಿ ಉರ್ದು, ಮರಾಠಿ ಮೂರೂ ಕಿವಿಗೆ ಬೀಳುತ್ತಿದ್ದವು. ಮುಂದೆ ಮುಂಬೈನಲ್ಲಿ ಉರ್ದು, ಹಿಂದಿ, ಗುಜರಾತಿ ಹಾಡು ಹಾಡಬೇಕಾದಾಗ ಈ ಹುಡುಗಿಗೆ ನಾಲಿಗೆ ತೊಡರಲಿಲ್ಲ. ಶಾಲೆಯನ್ನೂ ಓದಿದ್ದರು. ನಾಟಕದ ಮನೆಯ ಹೆಣ್ಣುಮಕ್ಕಳಿಗೆ ಆಗ ಓದು ಸಿಗುತ್ತಿದ್ದದ್ದು ಅಪರೂಪ. ಮುಂಬೈನಲ್ಲಿ ಗ್ರಾಮೋಫೋನ್ ಪ್ಲೇಟಿಗೆ ಹಾಡಿದರು. 1934ರ ‘ವಿಷ್ಣು ಭಕ್ತಿ’ ಚಿತ್ರದಿಂದ ಸಿನಿಮಾಕ್ಕೂ ಬಂದರು. ಅಲ್ಲಿಂದ ಎಂಟು-ಒಂಬತ್ತು ವರ್ಷ ಸಣ್ಣಪುಟ್ಟ ಪಾತ್ರ, ಸಣ್ಣಪುಟ್ಟ ಹಾಡು. ದನಿ ಚಲೋ ಇತ್ತು, ಕೆಲಸವೂ ಸಿಗುತ್ತಿತ್ತು, ಹೆಸರು ಮಾತ್ರ ಬರಲಿಲ್ಲ.

ಆಮೇಲೆ ಯುದ್ಧ ಬಂತು.

1939ರಲ್ಲಿ ಯುರೋಪಿನಾಗ ಶುರುವಾದ ಎರಡನೇ ಮಹಾಯುದ್ಧ 1942ರ ಹೊತ್ತಿಗೆ ನಮ್ಮ ಬಾಗಿಲಿಗೇ ಬಂದಿತ್ತು. ಫೆಬ್ರವರಿಯಲ್ಲಿ ಸಿಂಗಾಪುರ ಜಪಾನಿನ ಕೈಗೆ ಹೋಯಿತು, ಬೇಸಿಗೆಯಲ್ಲಿ ಬರ್ಮಾ ಹೋಯಿತು. ಏಪ್ರಿಲ್‌ನಲ್ಲಿ ವಿಶಾಖಪಟ್ಟಣ, ಕಾಕಿನಾಡದ ಮೇಲೆ ಬಾಂಬು ಬಿದ್ದವು. ಡಿಸೆಂಬರ್‌ನಲ್ಲಿ ಕಲ್ಕತ್ತಾದ ಮೇಲೂ ಬಿದ್ದವು. ನಡುವೆ ಆಗಸ್ಟ್‌ನಲ್ಲಿ ಕ್ವಿಟ್ ಇಂಡಿಯಾ ಚಳವಳಿ, ಗಾಂಧೀಜಿ ಮತ್ತು ಉಳಿದ ನಾಯಕರೆಲ್ಲ ಜೈಲಿಗೆ. ಪೇಟೆಯಾಗ ಸೀಮೆಎಣ್ಣೆ, ಬಟ್ಟೆ, ಅಕ್ಕಿ ಎಲ್ಲದಕ್ಕೂ ತುಟ್ಟಿ ಕಾಲ. ಕಾಳಸಂತೆ ಎಂಬ ಮಾತು ಬಾಯಿಂದ ಬಾಯಿಗೆ ಹರಡಿದ್ದು ಆಗಲೇ. ಸಿನಿಮಾದವರಿಗೂ ಬಿಸಿ ತಟ್ಟಿತು. ಹಸಿ ಫಿಲಂ ಹೊರದೇಶದಿಂದ ಬರಬೇಕು, ಹಡಗು ಬರುವಂಗಿಲ್ಲ. ಹಾಗಾಗಿ ಒಂದು ಚಿತ್ರ 11,000 ಅಡಿ ದಾಟಬಾರದು ಎಂದು ಸರಕಾರ ಕಟ್ಟಪ್ಪಣೆ ಮಾಡಿತು.

ಇಂಥಾ ಹೊತ್ತಿನಾಗ, 1943ರ ಜನವರಿಯಲ್ಲಿ, ಬಾಂಬೆ ಟಾಕೀಸ್‌ನ ‘ಕಿಸ್ಮತ್’ ಬಿಡುಗಡೆಯಾಯಿತು. ನಿರ್ದೇಶಕ ಜ್ಞಾನ್ ಮುಖರ್ಜಿ, ಸಂಗೀತ ಅನಿಲ್ ಬಿಸ್ವಾಸ್, ಹಾಡು ಪ್ರದೀಪ್. ಕಥೆಯಲ್ಲಿ ನಾಯಕನೇ ಜೇಬುಗಳ್ಳ, ನಾಯಕಿ ಕಾಲು ಕಳೆದುಕೊಂಡ ಕಲಾವಿದೆ. ನಾಯಕಿ ಪಾತ್ರ ಮಾಡಿದವರು ಮುಮ್ತಾಜ್ ಶಾಂತಿ. ಅವರಿಗೆ ದನಿ ಕೊಟ್ಟವರು ಅಮೀರಬಾಯಿ.

‘ದೂರ್ ಹಟೋ’ ಚಿತ್ರದಾಗ ನಾಟಕದ ವೇದಿಕೆ ಮೇಲೆ ಬರುವ ಹಾಡು. ಅಮೀರಬಾಯಿ ಜೊತೆ ಖಾನ್ ಮಸ್ತಾನಾ ಮತ್ತು ಮೇಳದವರು ಹಾಡಿದ್ದಾರೆ. ಹೊರಗಿನವರು ಈ ನೆಲ ಬಿಟ್ಟು ದೂರ ಸರಿಯಬೇಕು ಎಂಬುದು ಹಾಡಿನ ತಿರುಳು. ಇಂಗ್ಲಿಷರ ಸೆನ್ಸಾರ್ ಇದನ್ನು ಹ್ಯಾಂಗ ಬಿಟ್ಟಿತು ಎನ್ನುವುದೇ ಮಜಾ. ಹಾಡಿನಲ್ಲಿ ಪ್ರದೀಪ್ ಅವರು ಜರ್ಮನಿ, ಜಪಾನ್ ಹೆಸರು ಹಾಕಿಬಿಟ್ಟಿದ್ದರು. ಕಾಗದದ ಮೇಲೆ ನೋಡಿದರೆ ಅದು ಇಂಗ್ಲಿಷರ ಪರವಾದ ಯುದ್ಧಗೀತೆ. ಶತ್ರುಗಳಿಗೆ ಎಚ್ಚರಿಕೆ ಕೊಡುವ ಹಾಡಿಗೆ ಯಾವ ಅಧಿಕಾರಿ ಬ್ಯಾಡ ಅಂತಾನ? ಮೊಹರು ಬಿತ್ತು, ಪಾಸಾಯಿತು. ಟಾಕೀಸಿನ ಕತ್ತಲಲ್ಲಿ ಕೂತ ಮಂದಿ ಮಾತ್ರ ಬೇರೆ ಅರ್ಥ ತಕ್ಕೊಂಡರು. ಊರ ನಾಯಕರು ಜೈಲಿನಾಗ ಇರುವಾಗ, ಮೆರವಣಿಗೆಗೆ ಲಾಠಿ ಬೀಳುವಾಗ, ದೂರ ಸರಿಯಬೇಕಾದ ಹೊರಗಿನವರು ಯಾರು ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಾಡು ಮುಗಿದ ಕೂಡಲೇ ಒನ್ಸ್ ಮೋರ್ ಕೂಗು ಏಳುತ್ತಿತ್ತು. ಎಷ್ಟೋ ಟಾಕೀಸುಗಳಲ್ಲಿ ರೀಲು ಹಿಂದಕ್ಕೆ ಸುತ್ತಿ ಮತ್ತೆ ತೋರಿಸಬೇಕಾಯಿತು. ಸುದ್ದಿ ಸರಕಾರದ ಕಿವಿಗೆ ಬಿದ್ದಾಗ ತಡವಾಗಿತ್ತು. ಪ್ರದೀಪ್ ಕೆಲಕಾಲ ತಲೆಮರೆಸಿಕೊಂಡಿರಬೇಕಾಯಿತು.

ಒಂದು ಮಾತು ಇಲ್ಲಿ ಸೇರಿಸಬೇಕು. ಜರ್ಮನಿ-ಜಪಾನ್ ಹೆಸರು ಬರೇ ಸೆನ್ಸಾರಿನ ಕಣ್ಣಿಗೆ ಮಣ್ಣೆರಚಲು ಎಂದು ಎಲ್ಲರೂ ಬರೆಯುತ್ತಾರೆ. ಕಲ್ಕತ್ತಾದ ಮಂದಿ ತಮ್ಮ ತಲೆ ಮೇಲೇ ಜಪಾನಿ ಬಾಂಬು ಬಿದ್ದದ್ದನ್ನು ಕಂಡವರು. ಅವರಿಗೆ ಆ ಹೆಸರೂ ಸುಳ್ಳು ಅನಿಸಿರಲಿಕ್ಕಿಲ್ಲ. ಎರಡೂ ಅರ್ಥಕ್ಕೆ ಚಪ್ಪಾಳೆ ಬಿದ್ದಿರಬೇಕು. ಅದೇ ಕಲ್ಕತ್ತಾದ ರಾಕ್ಸಿ ಟಾಕೀಸಿನಲ್ಲಿ ‘ಕಿಸ್ಮತ್’ ಮೂರು ವರ್ಷಕ್ಕೂ ಹೆಚ್ಚು ಕಾಲ ಓಡಿತು. ಮುಂದೆ ‘ಶೋಲೆ’ ಬರುವವರೆಗೂ ಒಂದೇ ಟಾಕೀಸಿನಾಗ ಇಷ್ಟು ಕಾಲ ಓಡಿದ ದಾಖಲೆ ಅದರದೇ. 1943ರಲ್ಲೇ ಬಂಗಾಳದ ಬರಗಾಲ. ಲಕ್ಷ ಲಕ್ಷ ಜನ ಅನ್ನವಿಲ್ಲದೆ ಸತ್ತರು, ಹಳ್ಳಿಯಿಂದ ಬಂದವರು ಕಲ್ಕತ್ತಾದ ಬೀದಿಯಲ್ಲೇ ಬಿದ್ದರು. ಹೊರಗೆ ಅದು, ಒಳಗೆ ಈ ಹಾಡು.

ಅದೇ ಚಿತ್ರದಲ್ಲಿ ಅಮೀರಬಾಯಿಯವರ ಇನ್ನೊಂದು ಮುಖವೂ ಇದೆ. ಮೋಡಕ್ಕೆ ಮೆಲ್ಲಗೆ ಬಾ ಎನ್ನುವ ಜೋಗುಳದಂಥ ಹಾಡು, ಕೃಷ್ಣನ ಮುಂದೆ ನಿಂತು ಅತ್ತುಕೊಳ್ಳುವ ಹಾಡು, ಊರೆಲ್ಲ ದೀಪಾವಳಿ ಇರುವಾಗ ತನ್ನ ಮನೆಯ ಕತ್ತಲೆ ಹೇಳುವ ಹಾಡು. ಇವನ್ನೂ ಅವರೇ ಹಾಡಿದ್ದು. ನಮ್ಮನ್ನು ಕೇಳಿದರೆ, ದೇಶಭಕ್ತಿ ಹಾಡಿಗಿಂತ ಈ ದೀಪಾವಳಿ ಹಾಡಿನಾಗ ಅವರ ದನಿ ಹೆಚ್ಚು ತೂಕದ್ದು. ನಾಟಕದ ತಂಬುವಿನಲ್ಲಿ ಕಡೇ ಸಾಲಿನವನಿಗೂ ಕೇಳಬೇಕೆಂದು ತಯಾರಾಗುತ್ತಿದ್ದ ದನಿಗಳ ಕಾಲ ಅದು. ಅಂಥ ಗಟ್ಟಿ ದನಿಯನ್ನು ಮೈಕಿನ ಮುಂದೆ ಅಷ್ಟು ತಗ್ಗಿಸಿ ಹಾಡುವುದು ಸಣ್ಣ ಕೆಲಸವಲ್ಲ. ಆಗ ಒಂದು ಪ್ಲೇಟಿನ ಒಂದು ಮಗ್ಗುಲಿಗೆ ಮೂರು ನಿಮಿಷದಷ್ಟೇ ಜಾಗ. ತಪ್ಪಿದರೆ ಮೊದಲಿಂದ ಹಾಡಬೇಕು, ಈಗಿನಂತೆ ತುಂಡು ತುಂಡು ಜೋಡಿಸುವ ಸೌಕರ್ಯ ಇರಲಿಲ್ಲ.

ಮರುವರ್ಷ, 1944ರಲ್ಲಿ ‘ರತನ್’ ಬಂತು. ನೌಶಾದ್ ಅವರ ಸಂಗೀತ, ಡಿ.ಎನ್. ಮಧೋಕ್ ಅವರ ಹಾಡು. ಇದರಲ್ಲಿ ಯುದ್ಧವೂ ಇಲ್ಲ, ಚಳವಳಿಯೂ ಇಲ್ಲ. ಬರೇ ಪ್ರೀತಿ, ಅಗಲಿಕೆ. ಜೋಹ್ರಾಬಾಯಿ ಅಂಬಾಲೇವಾಲಿ ಕಣ್ಣು ಕೂಡಿಸುವ ಹಾಡು ಹಾಡಿದರೆ, ಅಮೀರಬಾಯಿ ಕೂಡಿದ ಕಣ್ಣು ಅಗಲಿದ ಹಾಡು ಹಾಡಿದರು. ಎರಡೂ ಉತ್ತರ ಹಿಂದೂಸ್ಥಾನದ ಮದುವೆ ಬ್ಯಾಂಡುಗಳಿಗೆ ಹಬ್ಬ. ಇದರ ಬಗ್ಗೆ ನೌಶಾದ್ ಅವರೇ ಹೇಳಿಕೊಂಡ ಒಂದು ಕಥೆ ನಮ್ಮ ಟೇಲರ್ ಅಂಗಡಿಯವರಿಗೆ ಖುಷಿ ಕೊಟ್ಟೀತು. ಸಂಗೀತದವನಿಗೆ ಹೆಣ್ಣು ಕೊಡಲಿಕ್ಕಿಲ್ಲ ಎಂದು ಹೆದರಿ, ಮನೆಯವರು ಹುಡುಗ ಮುಂಬೈನಲ್ಲಿ ಟೇಲರ್ ಎಂದು ಬೀಗರಿಗೆ ಹೇಳಿದ್ದರಂತೆ. ಮದುವೆ ದಿನ ಬ್ಯಾಂಡಿನವರು ಊದಿದ್ದು ಮದುಮಗ ಮಾಡಿದ ‘ರತನ್’ ಟ್ಯೂನುಗಳನ್ನೇ.

ಯುದ್ಧದ ನಡುವೆ ಈ ವಿರಹದ ಹಾಡುಗಳು ಯಾಕೆ ಅಷ್ಟು ಓಡಿದವು? ಲೆಕ್ಕ ಸರಳ ಐತಿ. 25 ಲಕ್ಷದಷ್ಟು ಭಾರತೀಯರು ಆ ಯುದ್ಧದಲ್ಲಿ ಸೈನ್ಯ ಸೇರಿದ್ದರು. ಆಫ್ರಿಕಾ, ಇಟಲಿ, ಬರ್ಮಾ ಕಡೆ ಹೋದವರ ಮನೆಯಲ್ಲಿ ಹೆಂಡತಿ, ತಾಯಿ, ತಂಗಿ ಪತ್ರಕ್ಕೆ ಕಾಯುತ್ತಿದ್ದರು. ಅಗಲಿದವರ ಹಾಡು ಅವರಿಗೆ ಬರೇ ಸಿನಿಮಾ ಹಾಡಾಗಿರಲಿಲ್ಲ. ಇದು ನಮ್ಮ ಅಂದಾಜು, ಆದರೆ ಆಗಿನ ಎರಡು ದೊಡ್ಡ ಹಿಟ್‌ಗಳಲ್ಲಿ ಒಂದು ರಣಗೀತೆ, ಇನ್ನೊಂದು ವಿರಹಗೀತೆ, ಎರಡರಲ್ಲೂ ಒಂದೇ ಬೀಳಗಿ ದನಿ ಇರುವುದು ಅಂದಾಜಲ್ಲ.

ಹೊರಗೆ ಹೀಗೆ ಹೆಸರು ಏರುವಾಗ ಮನೆಯೊಳಗೆ ಸುಖ ಇರಲಿಲ್ಲ. ಆ ಕಾಲದ ಖಳನಟ ಹಿಮಾಲಯವಾಲಾ ಜೊತೆ ಆದ ಮದುವೆ ಅಮೀರಬಾಯಿಗೆ ಕಷ್ಟವನ್ನೇ ತಂದಿತು. ಬಿಡುಗಡೆ ಪಡೆಯಲು ಹೆಣಗಬೇಕಾಯಿತು. ದೇಶ ವಿಭಜನೆಯಾದಾಗ ಅವರು ಪಾಕಿಸ್ತಾನಕ್ಕೆ ಹೋದರು. ಅಮೀರಬಾಯಿ ಇಲ್ಲೇ ಉಳಿದರು. ನೂರ್‌ಜಹಾನ್ ಅವರಂಥ ದೊಡ್ಡ ದನಿಯೇ ಲಾಹೋರಿನ ದಾರಿ ಹಿಡಿದ ಹೊತ್ತು ಅದು. ಬೀಳಗಿ ಮಗಳು ಮುಂಬೈ ಬಿಡಲಿಲ್ಲ. ಮುಂದೆ ಪತ್ರಿಕಾ ಸಂಪಾದಕ ಬದ್ರಿ ಕಾಂಚ್‌ವಾಲಾ ಅವರನ್ನು ಮದುವೆಯಾದರು, ಆ ಬದುಕು ನೆಮ್ಮದಿಯದಾಗಿತ್ತು.

1947ರ ‘ಶೆಹನಾಯಿ’ ಚಿತ್ರದ ಹಾಡೂ ಗೆದ್ದಿತು. 1948ರಲ್ಲಿ ‘ಶಹನಾಜ್’ ಎಂಬ ಚಿತ್ರಕ್ಕೆ ಅವರೇ ಸಂಗೀತ ನಿರ್ದೇಶನ ಮಾಡಿದರು. ಇದನ್ನು ಬಹಳ ಜನ ಬರೆಯುವುದೇ ಇಲ್ಲ. ಹೆಣ್ಣುಮಕ್ಕಳು ಹಾಡಬಹುದು, ಕುಣಿಯಬಹುದು, ಆದರೆ ಹಾರ್ಮೋನಿಯಂ ಮುಂದೆ ಕೂತು ಗಂಡಸರ ವಾದ್ಯಮೇಳಕ್ಕೆ ಹಿಂಗ ಬಾರಿಸ್ರಿ ಅನ್ನುವುದು ಬೇರೆ ಮಾತು. ಸರಸ್ವತಿ ದೇವಿ, ಜದ್ದನ್‌ಬಾಯಿ ಅವರಂಥ ಬೆರಳೆಣಿಕೆಯವರು ಮಾತ್ರ ಅದನ್ನು ಮಾಡಿದ್ದರು. ಆ ಸಾಲಿನಲ್ಲಿ ನಮ್ಮ ಜಿಲ್ಲೆಯ ಹೆಸರೂ ಇದೆ.

ಅಷ್ಟರಲ್ಲಿ ಗಾಳಿ ತಿರುಗಿತು. 1949ರಲ್ಲಿ ‘ಮಹಲ್’, ‘ಅಂದಾಜ್’, ‘ಬರ್ಸಾತ್’ ಬಂದವು, ಮೂರರಲ್ಲೂ ಲತಾ ಮಂಗೇಶ್ಕರ್. ತೆಳು, ನಯ, ಎತ್ತರದ ದನಿಯೇ ನಾಯಕಿಯ ದನಿ ಎಂದಾಯಿತು. ಅಮೀರಬಾಯಿ, ಜೋಹ್ರಾಬಾಯಿ ಅವರ ನಾಟಕದ ಗಟ್ಟಿ ದನಿ ಎರಡು-ಮೂರು ವರ್ಷದಾಗ ಹಳೇ ಸಾಮಾನಾಗಿಬಿಟ್ಟಿತು. ‘ಮಹಲ್’ ಪ್ಲೇಟಿನ ಮೇಲೂ ಮೊದಲು ಲತಾ ಹೆಸರಿನ ಬದಲು ಚಿತ್ರದ ಪಾತ್ರವಾದ ಕಾಮಿನಿ ಹೆಸರು ಅಚ್ಚಾಗಿತ್ತು. ಹಾಡಿದವರ ಹೆಸರಿಗೆ ಅಷ್ಟೇ ಬೆಲೆ ಇದ್ದ ಕಾಲ. ಲತಾ ಆಮೇಲೆ ಅದಕ್ಕಾಗಿ ಜಗಳಾಡಿ ಗೆದ್ದರು. ಅಮೀರಬಾಯಿ ಅವರ ಪೀಳಿಗೆಗೆ ಆ ಗೆಲುವಿನ ಫಲ ಸಿಗಲಿಲ್ಲ. ಹಾಡಿನ ಕೆಲಸ ಕಡಿಮೆಯಾದಾಗ ಅವರು ಮತ್ತೆ ನಟನೆಗೆ ತಿರುಗಿ ತಾಯಿ, ಅತ್ತೆ, ನೆರೆಮನೆಯಾಕೆ ಥರದ ಸಣ್ಣ ಪಾತ್ರ ಮಾಡಿದರು. ಯಾವ ದಾರಿಯಿಂದ ಮುಂಬೈಗೆ ಬಂದಿದ್ದರೋ ಅದೇ ದಾರಿ.

ತವರಿನ ನಂಟು ಬಿಟ್ಟಿರಲಿಲ್ಲ. ವಿಜಯಪುರದ ಅಮೀರ್ ಟಾಕೀಸ್ ಅವರ ಮನೆತನದ್ದೇ. ಅಲ್ಲಿ ಸಿನಿಮಾ ನೋಡಿದ ನಮ್ಮ ಓದುಗರು ಬಹಳ ಮಂದಿ ಇದ್ದೀರಿ. ಅಮೀರ್ ಎಂದರೆ ಯಾವುದೋ ಸಾಹುಕಾರರ ಹೆಸರು ಎಂದು ತಿಳಿದವರೂ ಇದ್ದಾರೆ. ವಿದ್ವಾಂಸ ರಹಮತ್ ತರೀಕೆರೆ ಅವರು ಅಮೀರಬಾಯಿ ಬದುಕಿನ ಬಗ್ಗೆ ಕನ್ನಡದಲ್ಲಿ ಪುಸ್ತಕವನ್ನೇ ಬರೆದಿದ್ದಾರೆ. ತಾಲೂಕು ಗ್ರಂಥಾಲಯದಾಗ ಕೇಳಿ ನೋಡ್ರಿ, ಇಲ್ಲದಿದ್ದರೆ ತರಿಸಲು ಹೇಳ್ರಿ.

1965ರಲ್ಲಿ ಅವರಿಗೆ ಪಾರ್ಶ್ವವಾಯು ಹೊಡೆಯಿತು. ನಾಲ್ಕೇ ದಿನ, ಮಾರ್ಚ್ 3ರಂದು ತೀರಿಕೊಂಡರು. ಮಣ್ಣಾದದ್ದು ವಿಜಾಪುರದಲ್ಲಿ. ಆರು ತಿಂಗಳಿಗೆ ಭಾರತ-ಪಾಕಿಸ್ತಾನ ಯುದ್ಧ ಹತ್ತಿತು. ಗಡಿ ಆಚೆ ರೇಡಿಯೋದಲ್ಲಿ ಸೈನಿಕರಿಗಾಗಿ ಹಾಡಿದವರು ನೂರ್‌ಜಹಾನ್. ಒಂದು ಕಾಲಕ್ಕೆ ಇಬ್ಬರೂ ಮುಂಬೈನ ಸ್ಟುಡಿಯೋಗಳಲ್ಲಿ ಹಾಡಿದ್ದವರು.

‘ಕಿಸ್ಮತ್’ ಹಾಡುಗಳು ಇವತ್ತೂ ಮೊಬೈಲಿನಾಗ ಪುಕ್ಕಟೆ ಸಿಗತಾವ. ಅಂಗಡಿಯಾಗ ಗಿರಾಕಿ ಕಡಿಮೆ ಇರೋ ಮಧ್ಯಾಹ್ನದ ಹೊತ್ತು ದೀಪಾವಳಿ ಹಾಡು ಮೊದಲು ಹಚ್ರಿ, ಆಮೇಲೆ ‘ದೂರ್ ಹಟೋ’. ಪ್ಲೇಟಿನ ಹಳೇ ಗರಗರ ಸದ್ದು ಸ್ವಲ್ಪ ಇರತೈತಿ, ಅದರ ಹಿಂದ ದನಿ ಸ್ಪಷ್ಟ ಕೇಳತೈತಿ.