ಉದ್ಯಮಿಯ ಗುಟ್ಟು ಬರೆದರು, ಬ್ಯಾಂಕ್ ನಡೆಸಿ ಸೋತರು: ಜೋಸೆಫ್ ಶುಂಪೀಟರ್ ಬದುಕಿನ ಕಥೆ

ಒಂದು ಕಾಲದಲ್ಲಿ ಬಸ್ ನಿಲ್ದಾಣದ ಪಕ್ಕ ಎಸ್‌ಟಿಡಿ ಬೂತ್ ಇತ್ತು, ಕ್ಯಾಸೆಟ್ ಅಂಗಡಿ ಇತ್ತು, ಟೈಪಿಂಗ್ ಕ್ಲಾಸ್ ಇತ್ತು. ಈಗ ಅಂಥ ಮಳಿಗೆಗಳಲ್ಲಿ ಮೊಬೈಲ್ ರಿಪೇರಿ ನಡೆಯುತ್ತೆ. ಹಳೆ ಮಾಲೀಕರು ತಪ್ಪು ಮಾಡಿದರು ಅಂತೇನಿಲ್ಲ. ಹೊಸದು ಬಂತು, ಹಳೆಯದನ್ನು ಪಕ್ಕಕ್ಕೆ ತಳ್ಳಿತು, ಅಷ್ಟೇ. ಇದಕ್ಕೆ ಅರ್ಥಶಾಸ್ತ್ರದಲ್ಲಿ ಸೃಜನಶೀಲ ವಿನಾಶ ಅಂತಾರೆ. ಈ ಮಾತನ್ನು ಜಗತ್ತಿಗೆಲ್ಲ ಪರಿಚಯಿಸಿದವರು ಜೋಸೆಫ್ ಶುಂಪೀಟರ್. ಉದ್ಯಮಿ ಅಂದ್ರೆ ಯಾರು ಅಂತ ಜೀವನಪೂರ್ತಿ ಓದಿ ಬರೆದ ಇವರು, ಸ್ವತಃ ವ್ಯವಹಾರಕ್ಕೆ ಇಳಿದಾಗ ಕೈ ಸುಟ್ಟುಕೊಂಡರು. ಅಂಗಡಿ ಇಟ್ಟವರು, ಸಾಲ ಮಾಡಿದವರು ತಿಳಿಯಲೇಬೇಕಾದ ಬದುಕು ಇದು.

ಬಟ್ಟೆ ಗಿರಣಿ ಮನೆಯ ಹುಡುಗ

ಶುಂಪೀಟರ್ ಹುಟ್ಟಿದ್ದು 1883ರ ಫೆಬ್ರವರಿ 8ರಂದು, ಟ್ರೀಶ್ ಎಂಬ ಸಣ್ಣ ಪಟ್ಟಣದಲ್ಲಿ. ಆಗ ಅದು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯಕ್ಕೆ ಸೇರಿತ್ತು, ಈಗ ಝೆಕ್ ದೇಶದಲ್ಲಿದೆ. ಮನೆತನದ್ದು ಬಟ್ಟೆ ತಯಾರಿಸುವ ಕಾರ್ಖಾನೆ. ಮಗುವಿಗೆ ನಾಲ್ಕು ವರ್ಷ ಆಗಿದ್ದಾಗ ತಂದೆ ತೀರಿಕೊಂಡರು. ಮಗ ದೊಡ್ಡ ಶಾಲೆಯಲ್ಲಿ ಓದಬೇಕು ಅನ್ನೋದು ತಾಯಿ ಯೋಹಾನ್ನಾ ಅವರ ಹಠ. ನಿವೃತ್ತ ಸೇನಾಧಿಕಾರಿಯೊಬ್ಬರನ್ನು ಮರುಮದುವೆಯಾಗಿ ವಿಯೆನ್ನಾಕ್ಕೆ ಬಂದರು. ಶ್ರೀಮಂತರ ಮಕ್ಕಳು ಓದುವ ಥೆರೇಸಿಯಾನಮ್ ಶಾಲೆಗೆ ಮಗನನ್ನು ಸೇರಿಸಿದರು. 1906ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದಿಂದ ಕಾನೂನಿನಲ್ಲಿ ಡಾಕ್ಟರೇಟ್ ಬಂತು. ಮನಸ್ಸು ಮಾತ್ರ ಅರ್ಥಶಾಸ್ತ್ರದ ಕಡೆಗೇ ವಾಲಿತ್ತು.

ಮುಂದೆ ಇಂಗ್ಲೆಂಡಿಗೆ ಹೋದರು, ಅಲ್ಲೇ ಮದುವೆಯಾದರು. ಆಮೇಲೆ ಈಜಿಪ್ಟಿನ ಕೈರೋದಲ್ಲಿ ವಕೀಲಿಕೆ ಮಾಡಿದರು. 1909ರಲ್ಲಿ ಸಾಮ್ರಾಜ್ಯದ ಅಂಚಿನಲ್ಲಿದ್ದ ಚೆರ್ನೋವಿಟ್ಜ್ ಊರಿನಲ್ಲಿ ಪ್ರಾಧ್ಯಾಪಕರ ಕೆಲಸ ಸಿಕ್ಕಿತು. ಅಲ್ಲಿನ ಗ್ರಂಥಪಾಲಕರು ವಿದ್ಯಾರ್ಥಿಗಳಿಗೆ ಪುಸ್ತಕ ಕೊಡೋದಿಲ್ಲ ಅಂದಾಗ ಜಗಳ ಶುರುವಾಗಿ, ಕತ್ತಿ ಹಿಡಿದು ದ್ವಂದ್ವಯುದ್ಧ ಆಡುವ ತನಕ ಹೋಯ್ತು! ಗ್ರಂಥಪಾಲಕರ ಹೆಗಲಿಗೆ ಸಣ್ಣ ಗಾಯವಾಯಿತು. ಮುಂದೆ ಇಬ್ಬರೂ ಸ್ನೇಹಿತರಾದರು.

ಯಾರು ಉದ್ಯಮಿ?

ಮೂವತ್ತು ತುಂಬುವ ಮೊದಲೇ ಆರ್ಥಿಕ ಬೆಳವಣಿಗೆಯ ಬಗ್ಗೆ ಅವರ ದೊಡ್ಡ ಪುಸ್ತಕ ಜರ್ಮನ್ ಭಾಷೆಯಲ್ಲಿ ಹೊರಬಂತು. ಅದರ ತಿರುಳು ಸರಳ. ಅಂಗಡಿ ಇದೆ, ಬಂಡವಾಳ ಇದೆ ಅಂದ ಮಾತ್ರಕ್ಕೆ ಉದ್ಯಮಿ ಆಗಲ್ಲ. ಹೊಸ ವಸ್ತು ತರೋದು, ಹೊಸ ವಿಧಾನದಲ್ಲಿ ತಯಾರಿಸೋದು, ಹೊಸ ಮಾರುಕಟ್ಟೆ ಹುಡುಕೋದು, ಕಚ್ಚಾ ಮಾಲಿಗೆ ಹೊಸ ಮೂಲ ಕಂಡುಕೊಳ್ಳೋದು, ವ್ಯವಹಾರವನ್ನೇ ಹೊಸ ರೀತಿ ಕಟ್ಟೋದು, ಈ ಐದರಲ್ಲಿ ಒಂದನ್ನಾದರೂ ಮಾಡಿ ತೋರಿಸಿದವನು ಉದ್ಯಮಿ. ಕೆಲಸ ರೂಢಿಗೆ ಬಿದ್ದು, ಎಲ್ಲರ ಹಾಗೆ ನಡೆಸಿಕೊಂಡು ಹೋಗೋಕೆ ಶುರು ಮಾಡಿದರೆ ಅವನು ಮತ್ತೆ ಬರೀ ವ್ಯವಸ್ಥಾಪಕ. ರೈಲು ಮಾರ್ಗ ಕಟ್ಟಿದವರು ಸಾಮಾನ್ಯವಾಗಿ ಕುದುರೆ ಗಾಡಿ ಮಾಲೀಕರಲ್ಲ, ಹೊರಗಿನಿಂದ ಬಂದವರು ಅನ್ನೋದು ಅವರು ಕೊಟ್ಟ ಉದಾಹರಣೆ.

ಇನ್ನೊಂದು ಮಾತನ್ನೂ ಖಡಾಖಂಡಿತವಾಗಿ ಬರೆದಿದ್ದರು. ಹೊಸ ಉದ್ಯಮಕ್ಕೆ ಹಣ ಬರೋದು ಬ್ಯಾಂಕ್ ಸಾಲದಿಂದ. ಹಾಗಾಗಿ ಉದ್ಯಮ ಮುಳುಗಿದರೆ ಏಟು ಬೀಳೋದು ಸಾಲ ಕೊಟ್ಟವನಿಗೆ, ಉದ್ಯಮಿಗಲ್ಲ. ಈ ಲೆಕ್ಕವೇ ಮುಂದೆ ಅವರ ಬದುಕಿನಲ್ಲಿ ತಿರುಗುಬಾಣವಾಯಿತು.

ಮಂತ್ರಿಗಿರಿ, ಬ್ಯಾಂಕು, ಸಾಲ

ಮೊದಲ ಮಹಾಯುದ್ಧದಲ್ಲಿ ಸೋತು ಸಾಮ್ರಾಜ್ಯ ಒಡೆದುಹೋಯಿತು. 1919ರ ಮಾರ್ಚ್‌ನಲ್ಲಿ ಶುಂಪೀಟರ್ ಪುಟ್ಟ ಆಸ್ಟ್ರಿಯಾ ಗಣರಾಜ್ಯದ ಹಣಕಾಸು ಮಂತ್ರಿಯಾದರು. ಖಜಾನೆ ಖಾಲಿ, ಮೇಲಿಂದ ಯುದ್ಧದ ಸಾಲ. ಆಸ್ತಿ ಮೇಲೆ ಒಂದೇ ಸಲ ದೊಡ್ಡ ತೆರಿಗೆ ಹಾಕಿ ಸಾಲ ಇಳಿಸೋಣ ಅನ್ನೋದು ಅವರ ಯೋಜನೆ. ಸಂಪುಟದವರ ಜೊತೆಗೇ ಹೊಂದಾಣಿಕೆ ಆಗಲಿಲ್ಲ. ಅಕ್ಟೋಬರ್ ಹೊತ್ತಿಗೆ ಕುರ್ಚಿ ಹೋಯ್ತು.

1921ರಲ್ಲಿ ವಿಯೆನ್ನಾದ ಬೀಡರ್‌ಮನ್ ಬ್ಯಾಂಕಿನ ಅಧ್ಯಕ್ಷರಾದರು. ಸಾಲ ತೆಗೆದು ಕಂಪನಿಗಳಲ್ಲಿ ತಾವೂ ಹಣ ಹಾಕಿದರು. ಕೆಲ ಕಾಲ ಕೈತುಂಬ ದುಡ್ಡು. 1924ರಲ್ಲಿ ಷೇರು ಮಾರುಕಟ್ಟೆ ಕುಸಿಯಿತು, ಹಾಕಿದ್ದೆಲ್ಲ ನೀರುಪಾಲಾಯಿತು. ಬ್ಯಾಂಕಿನ ಹುದ್ದೆ ಬಿಡಬೇಕಾಯಿತು. ಸಾಲ ಮಾತ್ರ ತಲೆ ಮೇಲೇ ಉಳಿಯಿತು.

ಪುಸ್ತಕದ ಪ್ರಕಾರ ನಷ್ಟ ಸಾಲ ಕೊಟ್ಟವರದ್ದು. ಶುಂಪೀಟರ್ ಹಾಗೆ ಕೈ ತೊಳೆದುಕೊಳ್ಳಲಿಲ್ಲ. 1925ರಲ್ಲಿ ಜರ್ಮನಿಯ ಬಾನ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವ ಕೆಲಸ ಸಿಕ್ಕಿತು. ಸಂಬಳದ ಜೊತೆಗೆ ಊರೂರು ತಿರುಗಿ ಭಾಷಣ ಮಾಡಿದರು, ಪತ್ರಿಕೆಗಳಿಗೆ ಬರೆದರು, ವರ್ಷಗಟ್ಟಲೆ ಸಾಲ ತೀರಿಸಿದರು.

ಒಂದೇ ಬೇಸಿಗೆಯಲ್ಲಿ ಮೂರು ಸಾವು

ಮೊದಲ ಮದುವೆ ಅಷ್ಟರಲ್ಲಿ ಮುರಿದುಹೋಗಿತ್ತು. 1925ರ ನವೆಂಬರ್‌ನಲ್ಲಿ ಆನಿ ರೈಸಿಂಗರ್ ಅವರ ಕೈ ಹಿಡಿದರು. ತಾಯಿ ವಾಸವಿದ್ದ ಕಟ್ಟಡ ನೋಡಿಕೊಳ್ಳುತ್ತಿದ್ದವರ ಮಗಳು ಆಕೆ, ಇವರಿಗಿಂತ ಇಪ್ಪತ್ತು ವರ್ಷಕ್ಕೂ ಹೆಚ್ಚು ಚಿಕ್ಕವರು. 1926ರ ಜೂನ್‌ನಲ್ಲಿ ತಾಯಿ ತೀರಿಕೊಂಡರು. ಆಗಸ್ಟ್‌ನಲ್ಲಿ ಹೆರಿಗೆ ವೇಳೆ ಆನಿ ಹೋದರು, ಹುಟ್ಟಿದ ಗಂಡು ಮಗುವೂ ಉಳಿಯಲಿಲ್ಲ. ಹೆಂಡತಿಯ ಹಳೆ ದಿನಚರಿಯನ್ನು ತಮ್ಮ ಕೈಯಾರೆ ನಕಲು ಮಾಡುತ್ತಾ ಕೂರೋದು ಅವರಿಗೆ ವರ್ಷಗಳ ಅಭ್ಯಾಸವಾಯಿತು. ಹೊರಗೆ ನಗುನಗುತ್ತಾ ಪಾಠ ಮಾಡುತ್ತಿದ್ದವರು ಒಳಗೆ ಆ ದುಃಖ ಹೊತ್ತೇ ಬದುಕಿದರು.

ಹಾರ್ವರ್ಡ್ ದಿನಗಳು

1932ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಹೋದರು. 1937ರಲ್ಲಿ ಅರ್ಥಶಾಸ್ತ್ರಜ್ಞೆ ಎಲಿಜಬೆತ್ ಬೂಡಿ ಅವರನ್ನು ಮದುವೆಯಾದರು. ವ್ಯಾಪಾರದ ಏರಿಳಿತಗಳ ಬಗ್ಗೆ 1939ರಲ್ಲಿ ಸಾವಿರ ಪುಟ ಮೀರಿದ ಎರಡು ಸಂಪುಟ ಬರೆದರು. ಆದರೆ ಆಗ ಎಲ್ಲರ ಬಾಯಲ್ಲೂ ಇದ್ದದ್ದು ಅವರು ಹುಟ್ಟಿದ ವರ್ಷವೇ ಹುಟ್ಟಿದ್ದ ಇಂಗ್ಲೆಂಡಿನ ಕೇನ್ಸ್ ಹೆಸರು. ಇವರ ಸಂಪುಟಗಳನ್ನು ಹೆಚ್ಚು ಜನ ತೆರೆದು ನೋಡಲಿಲ್ಲ. ಮೂರು ವರ್ಷ ಬಿಟ್ಟು, 1942ರಲ್ಲಿ ಬಂದ ಬಂಡವಾಳಶಾಹಿ, ಸಮಾಜವಾದ, ಪ್ರಜಾಪ್ರಭುತ್ವ ಕುರಿತ ಪುಸ್ತಕ ಅವರ ಹೆಸರನ್ನು ಉಳಿಸಿತು. ಪಕ್ಕದಂಗಡಿಯವನು ಎರಡು ರೂಪಾಯಿ ಕಡಿಮೆ ಮಾಡೋದು ದೊಡ್ಡ ಪೈಪೋಟಿ ಅಲ್ಲ, ನಿಮ್ಮ ಸರಕೇ ಬೇಡವಾಗುವಂತೆ ಮಾಡುವ ಹೊಸ ವಸ್ತುವಿನ ಪೈಪೋಟಿಯೇ ನಿಜವಾದದ್ದು ಅನ್ನೋದು ಅದರ ಎಚ್ಚರಿಕೆ. ಮುಂದೆ ನೊಬೆಲ್ ಪಡೆದ ಪಾಲ್ ಸ್ಯಾಮ್ಯುಯೆಲ್ಸನ್, ಜೇಮ್ಸ್ ಟೋಬಿನ್ ಇವರ ಶಿಷ್ಯರು.

1950ರ ಜನವರಿ 8ರಂದು ಶುಂಪೀಟರ್ ತೀರಿಕೊಂಡರು. ಅರ್ಧಕ್ಕೆ ನಿಂತಿದ್ದ ಹಸ್ತಪ್ರತಿಗಳನ್ನು ಜೋಡಿಸಿದವರು ಎಲಿಜಬೆತ್. 1953ರಲ್ಲಿ ಅವರೂ ಹೋದರು, ಪುಸ್ತಕ ಹೊರಬಂದದ್ದು 1954ರಲ್ಲಿ. ಸೃಜನಶೀಲ ವಿನಾಶದ ವಿಚಾರಕ್ಕೆ ಗಣಿತದ ರೂಪ ಕೊಟ್ಟ ಫಿಲಿಪ್ ಅಗಿಯೋನ್ ಮತ್ತು ಪೀಟರ್ ಹೋವಿಟ್ 2025ರ ಅರ್ಥಶಾಸ್ತ್ರ ನೊಬೆಲ್‌ನಲ್ಲಿ ಪಾಲು ಪಡೆದರು.

ಹೊಸತನ ಬೇಕು ಅನ್ನೋ ಪಾಠವನ್ನು ಎಲ್ಲರೂ ಅವರ ಪುಸ್ತಕದಿಂದ ತೆಗೆದುಕೊಳ್ಳುತ್ತಾರೆ. ಕೊಟ್ಟವರ ಸಾಲ ತೀರಿಸಬೇಕು ಅನ್ನೋದನ್ನು ಅವರು ಬದುಕಿ ತೋರಿಸಿದರು. ದಿನಾ ಬೆಳಗ್ಗೆ ಶಟರ್ ಎತ್ತುವ ನಮ್ಮವರಿಗೆ ಎರಡನೆಯದರ ಬೆಲೆ ಹೇಳಿಕೊಡಬೇಕಿಲ್ಲ.